ತ್ಯಾಗ ಯಾರದು?

ವೀರರ ಕಥೆಗಳನ್ನು ಕೇಳುವಾಗ ನಾವು ಸಾಮಾನ್ಯವಾಗಿ ವೀರನ ಕಡೆಗೇ ನೋಡುತ್ತೇವೆ. ಅವನು ಏನು ಗೆದ್ದ, ಏನನ್ನು ಬಿಟ್ಟುಕೊಟ್ಟ ಎಂಬುದೇ ನಮಗೆ ಮುಖ್ಯವಾಗುತ್ತದೆ. ಅವನು ಬಿಟ್ಟುಕೊಟ್ಟದ್ದು ಹೊಲವೋ ಹೊನ್ನೋ ಆಗಿರದೆ ಇನ್ನೊಬ್ಬ ಮನುಷ್ಯನೇ ಆಗಿದ್ದರೆ, ಆ ಮನುಷ್ಯನ ಕಡೆಯಿಂದ ಕಥೆ ಹೇಗೆ ಕಂಡೀತು ಎಂದು ಯೋಚಿಸುವವರು ಕಡಿಮೆ. ನಾನೂ ಯೋಚಿಸಿದವನಲ್ಲ. ದೆಹಲಿಯಲ್ಲಿ ನೆರೆಮನೆಯ ಗಢವಾಲಿ ಹಿರಿಯರೊಬ್ಬರು ಒತ್ತಾಯ ಮಾಡಿ ಕರೆದೊಯ್ದು ತೋರಿಸಿದ ಒಂದು ನೃತ್ಯನಾಟಕ ಈ ಯೋಚನೆಯನ್ನು ನನಗೆ ಹಚ್ಚಿತು. ಅದನ್ನು ಓದುಗರೊಡನೆ ಹಂಚಿಕೊಳ್ಳುವುದಷ್ಟೇ ಈ ಲೇಖನದ ಉದ್ದೇಶ.

ಗಢವಾಲವೆಂದರೆ ನಮ್ಮಲ್ಲಿ ಬಹುಮಂದಿಗೆ ಬದರಿ, ಕೇದಾರಗಳ ಯಾತ್ರೆಯ ದಾರಿ. ಆದರೆ ಆ ದಾರಿಯ ಎರಡೂ ಬದಿಯ ಹಳ್ಳಿಗಳಲ್ಲಿ ಶತಮಾನಗಳಿಂದ ಒಂದು ವೀರಕಥಾ ಪರಂಪರೆ ಬಾಳಿಕೊಂಡು ಬಂದಿದೆ. ವೀರನಿಗೆ ಅಲ್ಲಿ 'ಭಡ' ಎನ್ನುತ್ತಾರೆ. ಅವನ ಕಥೆಯನ್ನು ಹಾಡುವ ದೀರ್ಘ ಗೀತಕ್ಕೆ 'ಪಂವಾಡ'. ಢೋಲ್ ಮತ್ತು ದಮಾವು ಎಂಬ ಎರಡು ವಾದ್ಯಗಳನ್ನು ಬಾರಿಸುವ ಮನೆತನಗಳು ಈ ಕಥೆಗಳನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದಿವೆ. ಹಳ್ಳಿಯ ಅಂಗಳದಲ್ಲಿ ಪಾಂಡವರು ಕುಣಿಯುತ್ತಾರೆ, ಅಭಿಮನ್ಯುವಿನ ಚಕ್ರವ್ಯೂಹ ಕಟ್ಟುತ್ತಾರೆ. ನಾಟಿಯ ಕಾಲಕ್ಕೆ ತಂಗಿಯನ್ನು ಕರೆತರಲು ಹೋಗಿ, ಬೆಟ್ಟದ ಮೇಲೆ ಕೊಳಲೂದಿ, ಅಪ್ಸರೆಯರ ಪಾಲಾದ ಜೀತು ಬಗಡ್ವಾಲನ ಕಥೆಯನ್ನೂ ಕುಣಿದು ತೋರಿಸುತ್ತಾರೆ. ನೌಕರಿಗಾಗಿ ದೆಹಲಿಗಿಳಿದ ಗುಡ್ಡಗಾಡಿನ ಜನ ಈ ಕಥೆಗಳನ್ನೂ ಗಂಟಿನಲ್ಲಿ ಕಟ್ಟಿ ತಂದರು. ನಾವು ಯಕ್ಷಗಾನವನ್ನೂ ಭಜನೆಯನ್ನೂ ತಂದ ಹಾಗೆಯೇ. ಕುಮಾವೂಂನ ಮೋಹನ ಉಪ್ರೇತಿ ಅವರು 1968ರಲ್ಲಿ ದೆಹಲಿಯಲ್ಲಿ ಪರ್ವತೀಯ ಕಲಾ ಕೇಂದ್ರವನ್ನು ಆರಂಭಿಸಿ ಗುಡ್ಡಗಾಡಿನ ಕಥೆಗಳನ್ನು ನಗರದ ರಂಗಸ್ಥಳಕ್ಕೆ ತಂದದ್ದು ಈ ಹಾದಿಯಲ್ಲಿ ದೊಡ್ಡ ಹೆಜ್ಜೆ.

ನಾನು ನೋಡಿದ್ದು ಮಾಧೋಸಿಂಗ್ ಭಂಡಾರಿಯ ಕಥೆ. ಈತ ಹದಿನೇಳನೆಯ ಶತಮಾನದವನು. ಗಢವಾಲದ ರಾಜ ಮಹೀಪತ ಶಾಹನ ಸೇನಾನಿ. ಟಿಬೆಟ್ಟಿನ ಗಡಿಯಲ್ಲಿ ಕಾದಾಡಿ ಹೆಸರು ಮಾಡಿದವನು. ಊರು ಮಲೇಥಾ. ಈಗಿನ ತೆಹ್ರಿ ಗಢವಾಲ ಜಿಲ್ಲೆಯಲ್ಲಿ, ಕೀರ್ತಿನಗರದ ಬಳಿ, ಅಲಕನಂದೆಯ ದಡದ ಮೇಲಿದೆ. ನದಿಯೇನೋ ಊರ ಕೆಳಗೇ ಹರಿಯುತ್ತದೆ. ಆದರೆ ಅದು ಆಳದಲ್ಲಿ, ಹೊಲ ಎತ್ತರದಲ್ಲಿ. ಕಣ್ಣೆದುರು ಗಂಗೆ ಹರಿಯುತ್ತಿದ್ದರೂ ಹೊಲ ಬಾಯಾರಿ ಸಾಯುವ ಸ್ಥಿತಿ. ಗುಡ್ಡದ ಆಚೆ ಬದಿಯಲ್ಲಿ ಚಂದ್ರಭಾಗಾ ಎಂಬ ಹಳ್ಳವಿದೆ. ನಡುವೆ ಬಂಡೆ.

ನಾಟಕ ಶುರುವಾಗುವುದು ಊಟದಿಂದ. ರಜೆಯ ಮೇಲೆ ಮನೆಗೆ ಬಂದ ಸೇನಾನಿಗೆ ಹೆಂಡತಿ ಉದಿನಾ ಒಣ ರೊಟ್ಟಿಯನ್ನು ಮುಂದಿಡುತ್ತಾಳೆ. ಅನ್ನವಿಲ್ಲವೇ, ಪಲ್ಯವಿಲ್ಲವೇ ಎಂದು ಅವನು ಕೇಳಿದಾಗ, ನೀರಿಲ್ಲದ ಊರಿನ ಗಂಡಸರು ಅನ್ನ ಕೇಳಬಾರದು ಎನ್ನುವ ಅರ್ಥದಲ್ಲಿ ಚುಚ್ಚಿ ಮಾತಾಡುತ್ತಾಳೆ. ಆ ಮಾತು ನಾಟುತ್ತದೆ. ಮಾಧೋಸಿಂಗ್ ಗುಡ್ಡವನ್ನು ಕೊರೆಸಿ ಸುರಂಗ ಮಾಡಿಸಿ ನೀರು ತರಲು ನಿಶ್ಚಯಿಸುತ್ತಾನೆ. ಉಳಿ, ಸುತ್ತಿಗೆ, ಗುದ್ದಲಿಗಳ ಕೆಲಸವನ್ನು ಕಲಾವಿದರು ಢೋಲಿನ ಪೆಟ್ಟಿಗೆ ಸರಿಯಾಗಿ ಕುಣಿದು ತೋರಿಸಿದ ರೀತಿ ನಿಜಕ್ಕೂ ರೋಮಾಂಚಕಾರಿಯಾಗಿತ್ತು. ಸುರಂಗ ಮುಗಿಯುತ್ತದೆ, ಕಾಲುವೆ ಸಿದ್ಧವಾಗುತ್ತದೆ. ನೀರು ಮಾತ್ರ ಮುಂದೆ ಹರಿಯುವುದಿಲ್ಲ. ರಾತ್ರಿ ಕನಸಿನಲ್ಲಿ ದೇವಿ ಬಂದು, ನಿನ್ನ ಮಗನ ಬಲಿ ಕೊಟ್ಟರೆ ನೀರು ಹರಿದೀತು ಎನ್ನುತ್ತಾಳೆ. ಮಗನ ಹೆಸರು ಗಜೇಸಿಂಗ್.

ಇಲ್ಲಿಂದ ಮುಂದಿನ ದೃಶ್ಯವನ್ನು ಓದುಗರು ಗಮನಿಸಬೇಕು. ತಂದೆ ಒಪ್ಪಲಾರ, ತಾಯಿಯಂತೂ ಕಿವಿ ಮುಚ್ಚಿಕೊಳ್ಳುತ್ತಾಳೆ. ಆಗ ಹುಡುಗನೇ ಮುಂದೆ ಬಂದು ಅವರಿಬ್ಬರನ್ನೂ ಸಮಾಧಾನಪಡಿಸಿ ಒಪ್ಪಿಸುತ್ತಾನೆ. ಸಭಾಂಗಣದಲ್ಲಿ ಅಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರು ಸಡಿಲಾದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನನ್ನ ಉಸಿರೂ ಅದರಲ್ಲಿ ಸೇರಿತ್ತು. ಬಲಿ ನಡೆಯುತ್ತದೆ, ನೀರು ನುಗ್ಗುತ್ತದೆ, ಹೆಂಗಸರ ಗುಂಪು ನಾಟಿಯ ಕುಣಿತ ಕುಣಿಯುತ್ತದೆ. ಹೊರಗೆ ಬಂದಾಗ ನೆರೆಮನೆಯ ಹಿರಿಯರು ಕಣ್ಣೊರೆಸಿಕೊಳ್ಳುತ್ತ, "ಆ ಕಾಲುವೆ ಇವತ್ತಿಗೂ ಹರಿಯುತ್ತಿದೆ. ಚಿಕ್ಕವನಿದ್ದಾಗ ಮಲೇಥಾದ ಭತ್ತದ ಅನ್ನವನ್ನು ನಾನೂ ಉಂಡಿದ್ದೇನೆ" ಎಂದರು. ಆ ಮಾತಿನಲ್ಲಿ ಹೆಮ್ಮೆಯಿತ್ತು. ಜೊತೆಗೆ ಯಾಕೋ ಒಂದು ಅಳುಕೂ ಇತ್ತು.

ಮನೆಗೆ ಮರಳುವಾಗ ದಾರಿಯುದ್ದಕ್ಕೂ ನನ್ನ ಮನಸ್ಸು ಹಿಮಾಲಯವನ್ನು ಬಿಟ್ಟು ಉತ್ತರ ಕರ್ನಾಟಕದ ಒಂದು ಕೆರೆಯ ದಂಡೆಗೆ ಹೋಗಿ ನಿಂತಿತ್ತು. ಕನ್ನಡ ಶಾಲೆಯಲ್ಲಿ ಓದಿದ ಯಾರಿಗೆ ತಾನೆ ಭಾಗೀರಥಿ ಗೊತ್ತಿಲ್ಲ? 'ಕೆರೆಗೆ ಹಾರ'ದ ಮಲ್ಲನಗೌಡನೂ ಊರ ಹಿತಕ್ಕಾಗಿಯೇ ಕೆರೆ ಕಟ್ಟಿಸಿದವನು. ಅವನ ಕೆರೆಗೂ ನೀರು ಬರಲಿಲ್ಲ. ಅಲ್ಲಿಯೂ ಹೊತ್ತಿಗೆ ನೋಡಿ ಬಲಿಯನ್ನು ಸೂಚಿಸಿದರು. ಹಿರಿಯ ಸೊಸೆ ಮನೆತನದ ಹಿರಿತನಕ್ಕೆ ಬೇಕಾದವಳು, ಆದ್ದರಿಂದ ಕಿರಿಯ ಸೊಸೆಯಾದೀತು ಎಂದು ಲೆಕ್ಕ ಹಾಕಿದರು. ಭಾಗೀರಥಿಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೂ ಅವಳಿಗೆ ತಿಳಿಯಿತು. ತವರಿಗೆ ಹೋದಳು. ಅಪ್ಪ, ಅವ್ವ ಯಾಕೆ ಕಣ್ಣೀರು ಎಂದು ಕೇಳಿದರೆ, ಅತ್ತೆಮಾವ ಬೇರೆ ಇಡುತ್ತಾರಂತೆ ಎಂದು ಸುಳ್ಳು ಹೇಳಿದಳು. ನಿಜವನ್ನು ಹೇಳಿದ್ದು ಗೆಳತಿಯೊಬ್ಬಳಿಗೆ ಮಾತ್ರ. ಆ ಗೆಳತಿಯೂ, ಹಿರಿಯರು ಇಟ್ಟಂತೆ ಇರಬೇಕಮ್ಮ ಎಂದು ಬುದ್ಧಿ ಹೇಳಿ ಕಳಿಸಿದಳು. ಪೂಜೆ ಮುಗಿದ ಮೇಲೆ ಬಂಗಾರದ ಬಟ್ಟಲನ್ನು ಮರೆತು ಬಂದ ನೆಪ. ಅದನ್ನು ತರಲು ಭಾಗೀರಥಿ ಇಳಿದಳು. ಮೆಟ್ಟಿಲು ಮೆಟ್ಟಿಲಿಗೆ ನೀರು ಏರಿತು.

ಇಂಥ ಕಥೆ ನಮ್ಮಲ್ಲಿ, ಗಢವಾಲದಲ್ಲಿ ಮಾತ್ರ ಇರುವುದೆಂದು ತಿಳಿಯಬೇಕಾಗಿಲ್ಲ. ಯುರೋಪಿನ ಬಾಲ್ಕನ್ ನಾಡುಗಳಲ್ಲಿ ಸ್ಕಾದರ್ ಕೋಟೆಯನ್ನು ಕಟ್ಟುವಾಗ ಕಿರಿಯ ಸೊಸೆಯನ್ನು ಗೋಡೆಯಲ್ಲಿಟ್ಟು ಕಟ್ಟಿದ ಲಾವಣಿಯಿದೆ. ಗ್ರೀಸಿನ ಆರ್ತಾ ಎಂಬಲ್ಲಿನ ಸೇತುವೆಗೂ ಇಂಥದೇ ಹಾಡಿದೆ. ಮನುಷ್ಯ ದೊಡ್ಡದೇನನ್ನಾದರೂ ಕಟ್ಟಿದಲ್ಲೆಲ್ಲ, ಇದಕ್ಕೆ ಯಾರದೋ ಜೀವ ಹೋಗಿದೆ ಎಂಬ ಅಳುಕು ಜನಪದದಲ್ಲಿ ಉಳಿದುಕೊಂಡಿದೆ. ನೀರು ಇಳಿಜಾರಿಗೆ ಹರಿಯುತ್ತದೆಯೇ ಹೊರತು ರಕ್ತಕ್ಕಲ್ಲ ಎಂಬುದು ಹಾಡಿದ ಜನಕ್ಕೆ ತಿಳಿಯದ ವಿಷಯವೇನೂ ಅಲ್ಲ. ದಿನ ಬೆಳಗಾದರೆ ಹೊಲಕ್ಕೆ ನೀರು ತಿರುಗಿಸುತ್ತಿದ್ದವರು ಅವರೇ. ಬಂಡೆ ಕೊರೆಯುವಾಗ, ಏರಿ ಹಾಕುವಾಗ ಸತ್ತವರನ್ನೆಲ್ಲ ಸೇರಿಸಿ ಜನರು ಒಂದೇ ಹೆಸರಿನಲ್ಲಿ ನೆನೆದರೋ ಏನೋ. ಅದು ಹಾಗಿರಲಿ. ಕಥೆ ನಮ್ಮ ಮುಂದೆ ಇಡುವ ನೈತಿಕ ಪ್ರಶ್ನೆ ಅದರಿಂದ ಕಡಿಮೆಯಾಗುವುದಿಲ್ಲ.

ಆ ಪ್ರಶ್ನೆ ಇದು: ಮಲೇಥಾದ ತ್ಯಾಗ ಯಾರದು? ಮಾಧೋಸಿಂಗನದೋ, ಗಜೇಸಿಂಗನದೋ? ಜನ ಸಾಮಾನ್ಯವಾಗಿ ಮಾಧೋಸಿಂಗನ ತ್ಯಾಗ ಎನ್ನುತ್ತಾರೆ. ತಂದೆಗೆ ಮಗ ಪ್ರಾಣಕ್ಕಿಂತ ಹೆಚ್ಚು, ಅದನ್ನೇ ಊರಿಗಾಗಿ ಕೊಟ್ಟ ಎಂಬುದು ಅವರ ವಾದ. ಅವನ ದುಃಖವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 'ಕೊಟ್ಟ' ಎನ್ನಬೇಕಾದರೆ ಕೊಟ್ಟದ್ದು ಅವನದಾಗಿರಬೇಕು. ಟಿಬೆಟ್ಟಿನ ಗಡಿಯಲ್ಲಿ ಅವನು ತನ್ನ ಪ್ರಾಣವನ್ನು ಪಣಕ್ಕಿಟ್ಟಾಗ ಯಾರೂ ಪ್ರಶ್ನೆ ಎತ್ತುವಂತಿಲ್ಲ. ಆ ಪ್ರಾಣ ಅವನದು. ಮಗನ ಪ್ರಾಣ ಮಗನದು. ತಂದೆಯ ಪ್ರೀತಿ ಎಷ್ಟೇ ದೊಡ್ಡದಾದರೂ ಅದು ಮಗನನ್ನು ತಂದೆಯ ಸೊತ್ತನ್ನಾಗಿ ಮಾಡಲಾರದು. ಹಾಗೆ ಮಾಡುವುದಾದರೆ ಆ ಪ್ರೀತಿಗೂ ಒಡೆತನಕ್ಕೂ ವ್ಯತ್ಯಾಸವೇನು?

ಇದಕ್ಕೆ ಒಂದು ಗಟ್ಟಿಯಾದ ಉತ್ತರವಿದೆ. ಒಂದು ಜೀವ ಒಂದು ಕಡೆ, ಊರಿನ ನೂರಾರು ಜೀವಗಳು, ಹುಟ್ಟಲಿರುವ ಮಕ್ಕಳು, ಮುನ್ನೂರು ನಾನೂರು ವರ್ಷಗಳ ಅನ್ನ ಇನ್ನೊಂದು ಕಡೆ. ತಕ್ಕಡಿ ಯಾವ ಕಡೆ ವಾಲಬೇಕು? ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು; ಅನ್ನ ಕಾಣದ ಊರಿನಲ್ಲಿ ನಿಂತು ತಳ್ಳಿಹಾಕುವುದು ಇನ್ನೂ ಕಷ್ಟ. ಆದರೆ ತಕ್ಕಡಿ ಹಿಡಿದವರು ಯಾರೆಂದು ಒಮ್ಮೆ ನೋಡಬೇಕು. ಮಲ್ಲನಗೌಡ ಲೆಕ್ಕ ಹಾಕಿದಾಗ ತನ್ನನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಲಿಲ್ಲ. ಹೊತ್ತಿಗೆ ನೋಡಿದವನೂ ತನ್ನ ಮನೆಯವರ ಹೆಸರನ್ನು ಹೇಳಲಿಲ್ಲ. ಹಿರಿಯ ಸೊಸೆಯನ್ನು ಉಳಿಸಿದ ಲೆಕ್ಕ, ಯಾರಿಲ್ಲದಿದ್ದರೆ ಮನೆ ಕಡಿಮೆ ಅಲುಗಾಡುತ್ತದೆ ಎಂಬುದು. ಇಂಥ ಲೆಕ್ಕಗಳಲ್ಲಿ ಕಳೆಯುವ ಸಂಖ್ಯೆ ಯಾವಾಗಲೂ ಮನೆಯ ಕಿರಿಯರದೇ, ಹೆಣ್ಣಿನದೇ, ಮಾತಾಡದವರದೇ ಆಗಿ ಬರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಆದರೆ ಗಜೇಸಿಂಗ್ ತಾನೇ ಒಪ್ಪಿದನಲ್ಲ ಎಂದು ಓದುಗರು ಕೇಳಬಹುದು. ನಮ್ಮೆಲ್ಲರ ಉಸಿರು ಸಡಿಲಾದದ್ದೂ ಆ ಒಪ್ಪಿಗೆಯಿಂದಲೇ. ಹುಡುಗ ಹೂಂ ಎನ್ನದಿದ್ದರೆ ಮಲೇಥಾದ ಅನ್ನ ನಮ್ಮ ಗಂಟಲಲ್ಲಿ ಇಳಿಯುವುದಿಲ್ಲ. ಹಾಗಾಗಿ ನಮಗೆ ಆ ಹೂಂ ಬೇಕು. ಅದನ್ನು ಹೇಗಾದರೂ ಹುಡುಗನ ಬಾಯಿಯಿಂದ ಕೇಳಲು ನಾವು ಕಾತರರಾಗಿರುತ್ತೇವೆ. ಅಪ್ಪನೇ ದೇವರೆಂದು ಬೆಳೆದ ಹುಡುಗನಿಗೆ, ಇಡೀ ಊರು ಬತ್ತಿದ ಕಾಲುವೆಯ ಪಕ್ಕದಲ್ಲಿ ತನ್ನ ಮುಖ ನೋಡುತ್ತ ನಿಂತಾಗ, ಉಹೂಂ ಎನ್ನುವ ದಾರಿ ಎಲ್ಲಿತ್ತು? ಉಹೂಂ ಎನ್ನಲು ದಾರಿಯಿಲ್ಲದಲ್ಲಿ ಹೂಂ ಎಂಬುದಕ್ಕೆ ಎಷ್ಟು ಬೆಲೆ? ನಮ್ಮ ಲಾವಣಿ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವೆಂದು ನನ್ನ ಅಭಿಪ್ರಾಯ. ಅದು ಭಾಗೀರಥಿಯ ಬಾಯಲ್ಲಿ ಒಪ್ಪಿಗೆಯ ಭಾಷಣವನ್ನು ಇಡುವುದಿಲ್ಲ. ಅವಳ ಕಣ್ಣೀರನ್ನೂ, ತವರಿನಲ್ಲಿ ಹೇಳಿದ ಸುಳ್ಳನ್ನೂ, ಗೆಳತಿಯ ಬುದ್ಧಿಮಾತನ್ನೂ ಇದ್ದ ಹಾಗೆಯೇ ಇಟ್ಟು ಸುಮ್ಮನಾಗುತ್ತದೆ.

ಬಲಿಯಾಗಬೇಕಾದವನು ಬಾಯಿ ತೆರೆದ ಕಥೆಯೂ ನಮ್ಮ ಪರಂಪರೆಯಲ್ಲೇ ಇದೆ. ಐತರೇಯ ಬ್ರಾಹ್ಮಣದಲ್ಲಿ ಬರುವ ಶುನಃಶೇಪನ ಆಖ್ಯಾನವನ್ನು ನೆನೆಯಿರಿ. ಹರಿಶ್ಚಂದ್ರನ ಮಗನ ಬದಲಿಗೆ ಒಬ್ಬ ಹುಡುಗ ಬೇಕಾಗುತ್ತದೆ. ಹಸಿವಿನಿಂದ ಕಂಗೆಟ್ಟ ಅಜೀಗರ್ತನಿಗೆ ಮೂವರು ಮಕ್ಕಳು. ಹಿರಿಯವನನ್ನು ತಂದೆ ಕೊಡಲೊಲ್ಲ, ಕಿರಿಯವನನ್ನು ತಾಯಿ ಕೊಡಲೊಲ್ಲಳು, ನಡುವಿನವನು ಶುನಃಶೇಪ. ನೂರು ಹಸುವಿಗೆ ತಂದೆ ಅವನನ್ನು ಮಾರುತ್ತಾನೆ, ಇನ್ನೂ ನೂರಕ್ಕೆ ತಾನೇ ಯೂಪಕ್ಕೆ ಕಟ್ಟುತ್ತಾನೆ, ಮತ್ತೂ ನೂರಕ್ಕೆ ಕತ್ತಿ ಹಿಡಿದು ನಿಲ್ಲುತ್ತಾನೆ. ಹುಡುಗ ದೇವತೆಗಳನ್ನು ಒಬ್ಬೊಬ್ಬರಾಗಿ ಮೊರೆಯಿಟ್ಟು ಪಾಶದಿಂದ ಬಿಡುಗಡೆ ಹೊಂದುತ್ತಾನೆ. ಆಮೇಲೆ ತಂದೆ ಬಾ ಎಂದು ಕರೆದರೆ ಹೋಗುವುದಿಲ್ಲ. ವಿಶ್ವಾಮಿತ್ರನ ಮಗನಾಗಿ ಬಾಳುತ್ತಾನೆ. ಕೊಟ್ಟವನು ತಂದೆಯಾಗಿದ್ದರೂ ಅವನನ್ನು ನಿರಾಕರಿಸುವ ಹಕ್ಕು ಮಗನಿಗಿದೆ ಎಂದು ಅಷ್ಟು ಹಳೆಯ ಗ್ರಂಥವೇ ಒಪ್ಪಿಕೊಂಡಿರುವಾಗ, ನಾವು ಒಪ್ಪಲು ಹಿಂಜರಿಯಬೇಕಾದ್ದಿಲ್ಲ.

ಜನಪದವೂ ಕೊಟ್ಟವನನ್ನು ಪೂರ್ತಿಯಾಗಿ ಕ್ಷಮಿಸಿಬಿಟ್ಟಿಲ್ಲ. ಮಗ ಹೋದ ಮೇಲೆ ಮಾಧೋಸಿಂಗ್ ರಾಜಧಾನಿ ಶ್ರೀನಗರಕ್ಕೆ ಹೊರಟುಹೋದ, ಮತ್ತೆಂದೂ ಮಲೇಥಾಕ್ಕೆ ಮರಳಲಿಲ್ಲ ಎಂದು ಅಲ್ಲಿ ಹೇಳುವುದುಂಟು. (ಇದು ಅಲಕನಂದೆಯ ದಡದ ಶ್ರೀನಗರ, ಕಾಶ್ಮೀರದ್ದಲ್ಲ.) ತಾನು ತಂದ ನೀರಿನ ಅನ್ನವನ್ನು ತಾನು ಉಣ್ಣಲಿಲ್ಲ ಎಂದಾಯಿತು. ಇಲ್ಲಿ ನಮ್ಮ ಮಾದೇವರಾಯ ದಂಡಿನಿಂದ ಓಡೋಡಿ ಬಂದು, ಹೆಂಡತಿ ಎಲ್ಲಿ ಎಂದು ಮನೆಮನೆ ಕೇಳಿ, ಕೊನೆಗೆ ಅದೇ ಕೆರೆಗೆ ಹಾರುತ್ತಾನೆ. ಊರಿನವರ ಲೆಕ್ಕದಲ್ಲಿ ಒಂದೇ ಜೀವ ಎಂದಿತ್ತು, ಆದದ್ದು ಎರಡು. ಲೆಕ್ಕ ಹಾಕಿದವರಿಗೆ ಕಾಣದ ನಷ್ಟವನ್ನು ಹಾಡು ಕಂಡಿತು.

ಇದೆಲ್ಲ ಹಳೆಯ ಕಾಲದ ಮಾತು, ಈಗ ಯಾರು ನರಬಲಿ ಕೊಡುತ್ತಾರೆ ಎನ್ನಬಹುದು. ಮಲೇಥಾ ಇರುವ ಅದೇ ಜಿಲ್ಲೆಯಲ್ಲಿ, ಭಾಗೀರಥಿ ಎಂಬ ಹೆಸರಿನದೇ ನದಿಗೆ, 260.5 ಮೀಟರ್ ಎತ್ತರದ ತೆಹ್ರಿ ಅಣೆಕಟ್ಟನ್ನು ಕಟ್ಟಲಾಗಿದೆ. 1815ರಲ್ಲಿ ರಾಜ ಸುದರ್ಶನ ಶಾಹ ನೆಲೆಗೊಳಿಸಿದ್ದ ತೆಹ್ರಿ ಪಟ್ಟಣವೂ ಸುತ್ತಣ ಅನೇಕ ಹಳ್ಳಿಗಳೂ 2005ರಿಂದಾಚೆಗೆ ಅದರ ಹಿನ್ನೀರಿನಲ್ಲಿ ಮುಳುಗಿದವು. ಬೇಡವೆಂದು ಸುಂದರಲಾಲ ಬಹುಗುಣರು ದೀರ್ಘ ಉಪವಾಸ ಮಾಡಿದರು. ಆ ಜಲಾಶಯದ ನೀರು ಗಂಗಾ ಕಾಲುವೆಯ ಮೂಲಕ ದೆಹಲಿಯ ಸೋನಿಯಾ ವಿಹಾರದ ಶುದ್ಧೀಕರಣ ಕೇಂದ್ರಕ್ಕೆ ಬರುತ್ತದೆ; ಅಲ್ಲಿಂದ ದೆಹಲಿಯ ಎಷ್ಟೋ ಮನೆಗಳ ನಲ್ಲಿಗೆ. ನಮ್ಮ ನಾಡಿನಲ್ಲೂ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನಾಡಿಗೆ ಬೆಳಕಾದಾಗ ಶರಾವತಿ ಕಣಿವೆಯ ಸಂಸಾರಗಳು ಗಂಟುಮೂಟೆ ಕಟ್ಟಿದ್ದವು. ನಾ. ಡಿಸೋಜರು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಅವರ ಪಾಡನ್ನು ಬರೆದಿದ್ದಾರೆ. ಇಂಥ ಸಂದರ್ಭಗಳಲ್ಲಿ ವೇದಿಕೆಯ ಮೇಲಿನವರು 'ನಿರಾಶ್ರಿತರ ತ್ಯಾಗ' ಎಂಬ ಮಾತನ್ನು ಧಾರಾಳವಾಗಿ ಬಳಸುತ್ತಾರೆ. ಮನೆ ಕಿತ್ತುಕೊಂಡವರೇ ಅದನ್ನು ಕಳೆದುಕೊಂಡವನ ತ್ಯಾಗವೆಂದು ಕರೆದು ಹಾರ ಹಾಕಿದರೆ, ಭಾಗೀರಥಿಯ ಕೈಗೆ ಬಂಗಾರದ ಬಟ್ಟಲು ಕೊಟ್ಟಂತೆಯೇ ಆಯಿತು.

ಇಷ್ಟು ದೂರ ಬಂದ ಮೇಲೆ ನಮ್ಮ ಮನೆಯ ಮಾತನ್ನೂ ಹೇಳದಿದ್ದರೆ ನಾನು ಬೇರೆಯವರ ಮೇಲೆ ಬೆರಳು ತೋರಿಸಿದಂತಾದೀತು. ನಮ್ಮದು ಗದಗಿನ ಕಡೆಯ ಹಳ್ಳಿ, ನಾಲ್ಕೆಕರೆ ಒಣಭೂಮಿ. ಅಕ್ಕ ನನಗಿಂತ ಎರಡು ತರಗತಿ ಮುಂದಿದ್ದಳು, ಓದಿನಲ್ಲೂ ಮುಂದಿದ್ದಳು. ಮುಲ್ಕಿ ಪರೀಕ್ಷೆಯಲ್ಲಿ ಒಳ್ಳೆಯ ಗುಣ ಪಡೆದು ಪಾಸಾದಳು. ಹೈಸ್ಕೂಲಿಗೆ ಪೇಟೆಗೆ ಕಳಿಸಬೇಕು. ಒಬ್ಬರನ್ನು ಕಳಿಸುವಷ್ಟು ಮಾತ್ರ ಅನುಕೂಲ. ಅಪ್ಪ ಅಕ್ಕನನ್ನು ಬಿಡಿಸಿದರು. ನಾನು ಓದಿದೆ, ಧಾರವಾಡಕ್ಕೆ ಹೋದೆ, ದೆಹಲಿಗೆ ಬಂದೆ. "ಮಗನ ಓದಿಗಾಗಿ ಅಪ್ಪ ಎಷ್ಟು ತ್ಯಾಗ ಮಾಡಿದ" ಎಂದು ಊರಿನವರು ಈಗಲೂ ಹೊಗಳುತ್ತಾರೆ. ಅಪ್ಪ ಕಷ್ಟಪಟ್ಟದ್ದು ನಿಜ. ಆ ಮಾತನ್ನು ನಾನು ಎಂದೂ ಮರೆಯಲಾರೆ. ಆದರೆ ಆ ಹೊಗಳಿಕೆಯಲ್ಲಿ ಅಕ್ಕನ ಹೆಸರು ಬಂದದ್ದನ್ನು ನಾನು ಕೇಳಿಲ್ಲ. ನಾನೂ ಎತ್ತಿದವನಲ್ಲ.

ಆ ನಾಟಕ ನೋಡಿದ ಮೇಲೆ ಊರಿಗೆ ಹೋದಾಗ, ಅಕ್ಕ ಕಟ್ಟೆಯ ಮೇಲೆ ಕೂತು ಅವರೆ ಸುಲಿಯುತ್ತಿದ್ದಳು. "ಅಕ್ಕಾ, ಅವತ್ತ ನಿನ್ನ ಸಾಲಿ ಬಿಡಿಸಿದ್ರಲ್ಲ, ನಿನ್ನ ಯಾರರ ಕೇಳಿದ್ರೇನು?" ಎಂದು ಕೇಳಿದೆ. ಇಷ್ಟು ವರ್ಷದ ಮೇಲೆ ಇದೇನು ಪ್ರಶ್ನೆ ಎನ್ನುವಂತೆ ಅವಳು ನನ್ನ ಮುಖ ನೋಡಿದಳು. "ಕೇಳಿದ್ರ ಹೂಂ ಅಂತಿದ್ನೋ ಏನೋ. ನೀ ಓದ್ಲಿ ಅಂತ ನನಗೂ ಇತ್ತು. ಯಾರೂ ಕೇಳಲಿಲ್ಲಲ್ಲೋ ತಮ್ಮಾ" ಎಂದು ಮತ್ತೆ ಅವರೆ ಸುಲಿಯತೊಡಗಿದಳು. ಸಿಟ್ಟಿರಲಿಲ್ಲ. ನನಗೆ ಅದೇ ಹೆಚ್ಚು ಕಷ್ಟವಾಯಿತು.

ಅವಳ ಮಾತಿನಲ್ಲಿ ನನ್ನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತೆಂದು ತಿಳಿದಿದ್ದೇನೆ. ಕೇಳಿದ್ದರೆ ಅದು ಅವಳ ತ್ಯಾಗವಾಗುತ್ತಿತ್ತು. ಕೇಳದೆ ಮಾಡಿದ್ದರಿಂದ ಅದು ಅವಳಿಂದ ತೆಗೆದುಕೊಂಡದ್ದಾಯಿತು. ಅವಳ ಓದಿನ ಜೊತೆಗೆ, ತಾನಾಗಿ ಕೊಡುವ ಹಿರಿಮೆಯೂ ಅವಳ ಪಾಲಿಗೆ ತಪ್ಪಿತು. ಆದ್ದರಿಂದ ತ್ಯಾಗವೆಂಬ ಮಾತನ್ನು ಬಳಸುವ ಮುಂಚೆ ನಾವು ಎರಡು ಸಂಗತಿ ವಿಚಾರಿಸಬೇಕು. ಕೊಟ್ಟದ್ದು ಕೊಟ್ಟವನದೇ ಆಗಿತ್ತೇ? ಅವನಿಗೆ ಒಲ್ಲೆ ಎನ್ನುವ ಅವಕಾಶವಿತ್ತೇ? ಎರಡಕ್ಕೂ ಹೌದು ಎಂಬ ಉತ್ತರ ಬಾರದಿದ್ದರೆ ಬೇರೆ ಮಾತು ಹುಡುಕಬೇಕು. ಋಣ ಎನ್ನುವ ಮಾತು ಹೆಚ್ಚು ಸರಿಯಾದೀತು. ತ್ಯಾಗವೆಂದರೆ ಹೊಗಳಿ ಮುಗಿಸಬಹುದು. ಋಣವೆಂದರೆ ತೀರಿಸುವ ಮಾತು ಬರುತ್ತದೆ.

ಉಳಿದರ್ಧ ಉತ್ತರ ನೀರು ಕುಡಿದವರಿಗೆ ಸಂಬಂಧಿಸಿದ್ದು. ಹರಿದ ನೀರನ್ನು ಹಿಂದಕ್ಕೆ ಕಳಿಸಲಾಗದು. ಮಲೇಥಾದ ಜನ ಅನ್ನ ಬಿಡಬೇಕೆಂದೂ, ನಾನು ದೆಹಲಿ ಬಿಡಬೇಕೆಂದೂ ಹೇಳುವುದರಲ್ಲಿ ಅರ್ಥವಿಲ್ಲ. ಹಾಗೆ ಮಾಡಿದರೆ ಹೋದದ್ದು ಮರಳಿ ಬರುವುದೂ ಇಲ್ಲ. 2014-15ರಲ್ಲಿ ಮಲೇಥಾದ ಹೊಲಗಳ ಬಳಿ ಕಲ್ಲು ಪುಡಿಮಾಡುವ ಯಂತ್ರಗಳು ಬಂದಾಗ ಊರಿನ ಹೆಂಗಸರು ಮುಂದೆ ನಿಂತು ಹೋರಾಡಿ ಅವನ್ನು ನಿಲ್ಲಿಸಿದರು. ಅಷ್ಟು ಬೆಲೆ ತೆತ್ತು ಬಂದ ನೀರಿನ ಹೊಲವನ್ನು ಕಾಯ್ದುಕೊಳ್ಳುವುದು ಉಂಡವರು ಋಣ ತೀರಿಸುವ ಒಂದು ಬಗೆಯೆಂದು ನಾನು ಭಾವಿಸುತ್ತೇನೆ.

ಊರು ಬಿಟ್ಟು ಬಂದ ನಮ್ಮಲ್ಲಿ ಬಹುಮಂದಿಯ ಹಿಂದೆ ಇಂಥ ಒಬ್ಬರು ಇದ್ದೇ ಇರುತ್ತಾರೆ: ಶಾಲೆ ಬಿಟ್ಟ ಅಕ್ಕ, ಹೊಲ ನೋಡಿಕೊಂಡು ಉಳಿದ ತಮ್ಮ, ಬಂಗಾರ ಬಿಚ್ಚಿಕೊಟ್ಟ ಅತ್ತಿಗೆ. ನಮ್ಮ ಮಕ್ಕಳಿಗೆ ಅಜ್ಜನ ಹೆಸರು ಗೊತ್ತಿದೆ. ಇವರ ಹೆಸರನ್ನೂ ನಾವು ಹೇಳಿಕೊಡಬೇಕು. ಜೊತೆಗೆ, ಇಂದು ನಮ್ಮ ಮನೆಗಳಲ್ಲಿ ನಾವೇ ತಕ್ಕಡಿ ಹಿಡಿದು ಕೂತಾಗ, ಯಾರನ್ನು ಕಳೆಯುತ್ತಿದ್ದೇವೋ ಅವರನ್ನು ಮೊದಲು ಕರೆದು ಕೂರಿಸಿಕೊಂಡು ಕೇಳಬೇಕು, ಅವರು ಒಲ್ಲೆ ಎಂದರೆ ಆ ಮಾತನ್ನು ಒಪ್ಪಿಕೊಳ್ಳುವ ಮನಸ್ಸಿಟ್ಟುಕೊಂಡು ಕೇಳಬೇಕು. ಗಜೇಸಿಂಗನಿಗೂ ಭಾಗೀರಥಿಗೂ ಇದನ್ನು ಮಾಡಲು ಕಾಲ ಮೀರಿದೆ. ನಮ್ಮ ಮನೆಗಳಲ್ಲಿ ಇನ್ನೂ ಮೀರಿಲ್ಲ.